ಸ್ಕೋಪ್ ರೂಮಿನ ಹೊರಗೆ ಸಿಕ್ಕವನು

"ರೀ, ಒಳಗಡೆ ಇರೋರು! ಸಂಸಾರ ಹೂಡಿಬಿಟ್ರಾ ಹೇಗೆ?"

ಆಸ್ಪತ್ರೆಯ ಬಾತ್‌ರೂಮಿನ ಹೊರಗಿಂದ ಬಂದ ಆ ದನಿಯನ್ನು ನೆನೆದರೆ ಡ್ರಾಯಿಂಗ್ ಟೀಚರ್‌ಗೆ ಇವತ್ತಿಗೂ ನಗು ಉಕ್ಕುತ್ತದೆ. ಬಹಳ ವರ್ಷಗಳ ಹಿಂದಿನ ಮಾತು. ಕರುಳಿನ ಸ್ಕೋಪ್ ಪರೀಕ್ಷೆಗೆಂದು, ಹೊಟ್ಟೆ ಖಾಲಿ ಮಾಡಿಸುವ ಔಷಧಿ ನೀರನ್ನು ಲೀಟರುಗಟ್ಟಲೆ ಕುಡಿದು ಬಂದಿದ್ದಳು. ಬಾಗಿಲು ತೆರೆದರೆ ಎದುರಿಗೊಬ್ಬ ಉದ್ದನೆಯ ಬಸ್ ಡ್ರೈವರ್, ಹೊಟ್ಟೆ ಹಿಡಿದುಕೊಂಡು ನಿಂತಿದ್ದ.

"ಮನೆ ಖಾಲಿ ಮಾಡಿದೀನಿ, ಬನ್ನಿ," ಎಂದಳು.

ಅವನು ಒಳಗೆ ಓಡಿದ. ಹೊರಬಂದಾಗ ಕಿವಿಯ ತನಕ ಕೆಂಪಾಗಿದ್ದ.

ಇಬ್ಬರದೂ ಒಂದೇ ಕಾಯಿಲೆ. ದೊಡ್ಡ ಕರುಳು ಒಳಗೊಳಗೇ ಹುಣ್ಣಾಗಿ, ಮಾಯ್ದು, ಮತ್ತೆ ಕೆರಳುವಂಥದ್ದು. ಹಾಗೆ ವರ್ಷಗಟ್ಟಲೆ ನಡೆದರೆ ಕ್ಯಾನ್ಸರ್ ಬೇರು ಬಿಡಬಹುದೆಂದು ವರ್ಷಕ್ಕೊಮ್ಮೆ ಸ್ಕೋಪ್. ಮರುವರ್ಷ ಇಬ್ಬರೂ ಒಂದೇ ದಿನಕ್ಕೆ ಹೆಸರು ಬರೆಸಿದರು. ಅದರ ಮರುವರ್ಷವೂ.

"ಬೇರೆಯವರು ಪಾರ್ಕಿಗೆ ಹೋಗ್ತಾರೆ, ನೀನು ಕರುಳು ತೋರಿಸೋಕೆ ಹೋಗ್ತೀಯಲ್ಲೇ!" ಎಂದು ಅಕ್ಕ ಕಾಡಿಸುತ್ತಿದ್ದಳು.

ಒಮ್ಮೆ ಸ್ಕೋಪ್ ಮುಗಿದ ಮೇಲಿನ ಅರೆಮಂಪರಿನಲ್ಲಿ ಅವನು, "ನಿಮ್ಮ ಕತ್ತಿನ ಮಚ್ಚೆ ಇದೆಯಲ್ಲ, ಅದೇ ನನ್ನ ಲಾಸ್ಟ್ ಸ್ಟಾಪ್," ಎಂದ. ಎಚ್ಚರವಾದ ಮೇಲೆ ಏನೂ ನೆನಪಿಲ್ಲ ಎಂದ. ಅವನ ಕಣ್ಣು ಮಾತ್ರ ಮಚ್ಚೆಯ ಹತ್ತಿರವೇ ಸುಳಿದಾಡುತ್ತಿತ್ತು. ಅವಳೂ ಕೆದಕಲಿಲ್ಲ. ಹೀಗೆ ಹನ್ನೊಂದು ವರ್ಷ.

ಹನ್ನೊಂದನೆಯ ವರ್ಷ ಅವಳ ಕರುಳಿನಲ್ಲಿ ಚಪ್ಪಟೆಯಾದ ಒಂದು ಗಂಟು ಸಿಕ್ಕಿತು. ಸ್ಕೋಪಿನಲ್ಲೇ ಕತ್ತರಿಸಿ ತೆಗೆದರು. ಆದರೆ ಇನ್ನೆರಡು ಕಡೆ ತೆಗೆದ ಚೂರುಗಳಲ್ಲೂ ಜೀವಕೋಶಗಳು ಕ್ಯಾನ್ಸರಿನ ದಾರಿ ಹಿಡಿದಿದ್ದವು.

"ಒಂದೇ ಕಡೆ ಇದ್ದು, ಪೂರ್ತಿ ಬಂದಿದ್ರೆ ಆಗಾಗ ಸ್ಕೋಪ್ ಮಾಡಿ ನೋಡ್ಕೊಂಡು ಇರಬಹುದಿತ್ತಮ್ಮ," ಎಂದರು ಡಾಕ್ಟರು. "ನಿಮಗೆ ದೊಡ್ಡ ಕರುಳನ್ನೇ ತೆಗೆಸೋದು ಕ್ಷೇಮ."

ಅವಳು ಡ್ರೈವರನ ಫೋನ್ ಎತ್ತುವುದನ್ನು ಬಿಟ್ಟಳು. ಮೂರನೆಯ ವಾರ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಅವನು ನೇರ ಶಾಲೆಯ ಡ್ರಾಯಿಂಗ್ ಕ್ಲಾಸಿಗೇ ಬಂದ.

"ಇನ್ಮೇಲೆ ನನ್ನ ಹೊಟ್ಟೆ ಮೇಲೆ ಮಲ ತುಂಬ್ಕೊಳ್ಳೋ ಚೀಲ ಇರುತ್ತೆ. ಗೊತ್ತಾ?" ಎಂದಳು ಅವಳು.

"ಗೊತ್ತು. ನಿಮ್ಮ ಅಕ್ಕ ಹೇಳಿದ್ರು."

"ಅಯ್ಯೋ ಪಾಪ ಅನ್ನೋಕೆ ಬಂದಿದ್ರೆ ಹೊರಡಿ."

ಮಕ್ಕಳ ಸ್ಟೂಲಿನ ಮೇಲೆ ಅವನು ಕುಕ್ಕರಿಸಿದ. ಮೊಣಕಾಲು ಗಲ್ಲಕ್ಕೆ ತಾಗುವಂತಿತ್ತು. "ವರ್ಷ ಪೂರ್ತಿ ಆ ದರಿದ್ರ ಔಷಧಿ ನೀರು ಕುಡಿಯೋ ದಿನಕ್ಕೆ ಕಾಯ್ತಿದ್ದೆ ರೀ. ಪ್ರಪಂಚದಲ್ಲಿ ಯಾರಾದ್ರೂ ಅದಕ್ಕೆ ಕಾಯ್ತಾರಾ?"

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. "ಇಷ್ಟು ಹೇಳೋಕೆ ಹನ್ನೊಂದು ವರ್ಷ ಬೇಕಾಯ್ತಾ?"

"ಭಯ ಆಗ್ತಿತ್ತು. ನನ್ನೊಳಗೆ ಯಾವತ್ತು ಏನು ಸಿಗುತ್ತೋ, ನಿಮ್ಮನ್ನ ಯಾಕೆ ಸಿಕ್ಕಿಸಲಿ ಅಂತ." ಅವನು ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ. "ಈಗ ನಿಮಗೇ ಸಿಕ್ತು. ಸುಮ್ಮನಿದ್ದು ನಾನು ಏನು ಉಳಿಸಿದ ಹಾಗಾಯ್ತು?"

ಆಪರೇಷನ್ ಆಯಿತು. ತೆಗೆದ ಕರುಳಿನಲ್ಲಿ ಕಾಳಿನಷ್ಟು ಕ್ಯಾನ್ಸರ್ ಆಗಲೇ ಮೊಳೆತಿತ್ತು, ಬೇರೆಲ್ಲೂ ಹರಡಿರಲಿಲ್ಲ. ವರದಿ ಓದಿ ಅಕ್ಕ ಕಾರಿಡಾರಿನಲ್ಲೇ ಕೂತು ಅತ್ತಳು.

ಮೊದಲ ಸಲ ಚೀಲ ಬದಲಿಸುವಾಗ ಟೀಚರ್ ಕತ್ತರಿಯನ್ನು ನರ್ಸಮ್ಮನಿಗೇ ವಾಪಸ್ ಕೊಟ್ಟಳು. ಅವನು ನರ್ಸಮ್ಮನಿಂದ ಕತ್ತರಿ ಇಸಿದುಕೊಂಡು, ನಾಲಿಗೆ ಕಚ್ಚಿಕೊಂಡು, ಹೊಟ್ಟೆಯ ಮೇಲಿನ ಕರುಳಿನ ಬಾಯಿಗೆ ಕೂರುವಂತೆ ಚೀಲದ ಅಂಟುಪಟ್ಟಿಯಲ್ಲಿ ದುಂಡಗೆ ತೂತು ಕತ್ತರಿಸತೊಡಗಿದ.

"ಸೊಟ್ಟ ಮಾಡ್ತಿದೀಯ ಕಣೋ," ಎಂದಳು.

ಹನ್ನೊಂದು ವರ್ಷದಲ್ಲಿ ಮೊದಲ ಏಕವಚನ. ಕತ್ತರಿ ಅಲ್ಲೇ ನಿಂತಿತು.

"ಇನ್ನೊಂದ್ಸಲ ಹೇಳು," ಎಂದ ಅವನು.