ಎದುರಾಗುವ ಹೊಲಿಗೆ

"ಟೀಚರೇ, ನಿಮ್ಮ ಗಂಟು ಬೀದೀಲಿ ಬಿದ್ದಿತ್ತು."

ಬಾಗಿಲು ತೆರೆದವಳಿಗೆ ಮೊದಲು ಕಂಡದ್ದು ಬಟ್ಟೆಯ ದೊಡ್ಡ ಗಂಟು. ಆಮೇಲೆ ಅದನ್ನು ತಬ್ಬಿಕೊಂಡ ಎರಡು ಕೈ. ಗಂಟಿನ ಮೇಲುಗಡೆ ಮೂಗಿನ ತುದಿಗೆ ಜಾರಿದ ಕನ್ನಡಕ. ಎದುರು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವರು. ಅಚ್ಚಿನ ಮನೆಯಲ್ಲಿ ಅರ್ಧ ದಿನದ ಕೆಲಸ, ಹಾಗಾಗಿ ಬೀದಿಗೆಲ್ಲ ಅವರು ಪ್ರೆಸ್ಸಿನವರು. ಇಷ್ಟು ವರ್ಷ ಇಬ್ಬರ ನಡುವೆ ನಡೆದ ಮಾತನ್ನೆಲ್ಲ ಒಟ್ಟು ಮಾಡಿದರೂ ಒಂದು ಬೊಗಸೆ ತುಂಬುತ್ತಿರಲಿಲ್ಲ.

"ಬಿದ್ದಿರಲಿಲ್ಲ. ನಾನೇ ಇಟ್ಟು ಬಂದೆ. ಬೇಕಾದೋರು ತಗೊಂಡು ಹೋಗ್ಲಿ ಅಂತ."

"ಯಾರು ತಗೋತಾರೆ?" ಗಂಟಿನ ಬಾಯಿಂದ ಇಣುಕುತ್ತಿದ್ದ ಒಂದು ಅಂಗಿಯನ್ನು ಅವರು ಎಳೆದು ಹಿಡಿದರು. "ಇದಕ್ಕೆ ಒಂದೇ ತೋಳು."

"ಇನ್ನೊಂದನ್ನ ಮಕ್ಕಳು ಹೊಲೀತಿದ್ರು."

ಹಾಗೆಂದರೇನು ಎಂದು ಅವರಿಗೆ ತಿಳಿಯಲಿಲ್ಲ. ಹೊಸಿಲಲ್ಲೇ ನಿಂತು ಅವಳು ಹೇಳಬೇಕಾಯಿತು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದವಳು ಅವಳು; ಊರಿನ ಬಾಯಲ್ಲಿ ಸೂಜಿ ಟೀಚರ್. ತರಗತಿಯಲ್ಲಿ ತೋಳು ಹಚ್ಚುವುದು ಹೇಗೆಂದು ಒಂದು ತೋಳು ಹಚ್ಚಿ ತೋರಿಸುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಮಕ್ಕಳು ತಮ್ಮ ತಮ್ಮ ಅಂಗಿಯನ್ನು ಮನೆಯಲ್ಲಿ ಪೂರ್ತಿ ಮಾಡಿ ತರುತ್ತಿದ್ದರು. ಟೀಚರ ಅಂಗಿ ಒಂದೇ ತೋಳಿನಲ್ಲಿ ಬೀರು ಸೇರುತ್ತಿತ್ತು. ಅರ್ಧ ಕಾಲರ್, ಒಂದೇ ಜೇಬು, ಕಾಜಾ ಇದ್ದು ಗುಂಡಿಯಿಲ್ಲದ ಫ್ರಾಕು, ಗುಂಡಿಯಿದ್ದು ಕಾಜಾ ಇಲ್ಲದ ಫ್ರಾಕು. ಕೆಲಸದ ಕಾಲವೆಲ್ಲ ಹೀಗೆ ಅರ್ಧರ್ಧವಾಗಿ ಬೀರುವಿನಲ್ಲಿ ಮಡಿಸಿಕೊಂಡು ಕೂತಿತ್ತು.

"ಈಗ್ಯಾಕೆ ಬೀದಿಗೆ?"

"ತಂಗಿ ಕರೀತಿದ್ದಾಳೆ, ಅವಳೂರಿಗೆ. ನನಗೆ ಅಂತ ಕೋಣೇನೂ ಸುಣ್ಣ ಹೊಡೆಸಿ ಇಟ್ಟಿದ್ದಾಳೆ. ಅರ್ಧಂಬರ್ಧದ್ದು ಒಂದು ಚೂರೂ ಅವಳ ಹೊಸಿಲು ದಾಟಬಾರದಂತೆ."

ಪ್ರೆಸ್ಸಿನವರು ಗಂಟನ್ನು ಇಳಿಸಲಿಲ್ಲ. "ಹಾಗಾದ್ರೆ ಮುಗಿಸಿಬಿಡಿ. ಮುಗಿದಿದ್ದನ್ನ ಯಾರಾದ್ರೂ ಹಾಕ್ಕೋತಾರೆ."

"ಒಬ್ಬಳೇ? ಮುಗಿಸೋದ್ರೊಳಗೆ ನಾನೇ ಮುಗಿದುಹೋಗ್ತೀನಿ."

"ಗುಂಡಿ ಹಚ್ಚೋಕೆ ನನಗೆ ಬರುತ್ತೆ," ಎಂದರು ಅವರು, ಏನೋ ತಪ್ಪು ಒಪ್ಪಿಕೊಳ್ಳುವವರ ಹಾಗೆ. "ಮದುವೆಯಾಗದ ಗಂಡಸು ಅಷ್ಟಾದ್ರೂ ಕಲೀಲೇಬೇಕಲ್ಲ."

ಅವಳಿಗೆ ನಗು ಬಂತು. ಬಾಗಿಲಿಂದ ಪಕ್ಕಕ್ಕೆ ಸರಿದಳು.

ಅಂದಿನಿಂದ ಮಧ್ಯಾಹ್ನಗಳ ಬಣ್ಣವೇ ಬೇರೆಯಾಯಿತು. ಊಟದ ಹೊತ್ತು ಕಳೆದು ಬೀದಿ ತೂಕಡಿಸುವಾಗ ಪ್ರೆಸ್ಸಿನವರು ಬರುತ್ತಿದ್ದರು. ಉಗುರಿನ ಸಂದಿಯಲ್ಲಿ ಮಸಿಯಿದ್ದರೆ ಬಟ್ಟೆಗೆ ತಾಗೀತೆಂದು ಹಿತ್ತಲಲ್ಲಿ ಕೈ ತೊಳೆದು, ತೊಳೆದ ಕೈಯನ್ನು ಮಗುವಿನ ಹಾಗೆ ಅವಳಿಗೆ ತೋರಿಸಿ ಕೂರುತ್ತಿದ್ದರು. ಕಿಟಕಿಯ ಬಿಸಿಲು ತೆಳು ಬಟ್ಟೆಗಳನ್ನು ಹಾದು ನೆಲದ ಮೇಲೆ ಬಣ್ಣಬಣ್ಣವಾಗಿ ಮಲಗುತ್ತಿತ್ತು. ಅವಳು ತೋಳು ಹಚ್ಚುವಳು, ಅವರು ಗುಂಡಿ ಹಚ್ಚುವರು. ಮಾತು ಬಂದರೆ ಬಂತು, ಇಲ್ಲದಿದ್ದರೆ ದಾರ ಬಟ್ಟೆಯೊಳಗೆ ಸರಿಯುವ ಸದ್ದು.

"ಎಡಗೈಲಿ ಹೊಲೀತೀರಾ?" ಮೊದಲ ದಿನವೇ ಅವಳು ಗಮನಿಸಿದ್ದಳು.

"ಎಲ್ಲಾ ಎಡಗೈಲೇ. ಅಚ್ಚಿನ ಮೊಳೇಲಿ ಕನ್ನಡೀಲಿ ಕಂಡ ಹಾಗೆ ಇರೋ ಅಕ್ಷರಾನ ಇಷ್ಟು ವರ್ಷ ಓದಿದವನು ನಾನು. ನನ್ನದು ಪೂರಾ ತಿರುಗಾಮುರುಗಾ ಬಾಳು."

"ಮಾತು ಮಾತ್ರ ನೆಟ್ಟಗಿದೆ."

"ಅದು ನಿಮ್ಮ ಎದುರಿಗೆ ಮಾತ್ರ," ಎಂದು ಹೇಳಿ, ಹೇಳಿದ್ದು ಹೆಚ್ಚಾಯಿತೇನೋ ಎಂದು ಅವರು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ಬಗ್ಗಿಸಿದರು. ದಾರ ಆಗಲೇ ಪೋಣಿಸಿಯಾಗಿತ್ತು.

ಮುಗಿದ ಬಟ್ಟೆ ಬೇಕಾದವರ ಕೈ ಸೇರುತ್ತ, ಗಂಟೂ ಬೀರುವೂ ಬರಿದಾಗುತ್ತ ಬಂದವು. ಕೊನೆಗೆ ಉಳಿದದ್ದು ಕೌದಿ. ಪ್ರತಿ ವರ್ಷದ ಮಕ್ಕಳ ಬಟ್ಟೆಯಿಂದ ಉಳಿದ ತುಂಡುಗಳನ್ನು ಕೂಡಿಸಿ ಅವಳು ಹೊಲಿಯುತ್ತ ಬಂದಿದ್ದ ದೊಡ್ಡ ಕೌದಿ. ಒಳಗೆಲ್ಲ ಹೊಲಿದಾಗಿತ್ತು. ನಾಲ್ಕು ಅಂಚಿಗೂ ಪಟ್ಟಿ ಮಡಿಸಿ ಕೈಯಲ್ಲಿ ಹೆಮ್ಮಿಂಗ್ ಮಾಡಬೇಕಿತ್ತು, ಅಷ್ಟೇ.

ಚಾಪೆಯ ಮೇಲೆ ಕೌದಿಯ ಒಂದು ಅಂಚನ್ನು ಇಬ್ಬರ ಮಡಿಲಿಗೂ ಎಳೆದುಕೊಂಡು ಕೂತರು. ಬಲಗೈಯವಳಾದ ಅವಳು ಬಲದ ತುದಿಯಿಂದ ಎಡಕ್ಕೆ ಹೊಲಿದಳು. ಎಡಗೈಯವರಾದ ಅವರು ಎಡದ ತುದಿಯಿಂದ ಬಲಕ್ಕೆ. ಯಾರೂ ಯೋಚಿಸಿ ಮಾಡಿದ್ದಲ್ಲ, ಕೈ ಹೋದ ದಾರಿ ಅದು. ಮಧ್ಯಾಹ್ನ ಜಾರುತ್ತ ಹೋದ ಹಾಗೆ ಎರಡು ಸೂಜಿಗಳೂ ಒಂದನ್ನೊಂದು ನೋಡುತ್ತ ನಡೆದು ಬಂದವು. ನಡುವೆ ಒಂದು ಮೊಳ ಉಳಿಯಿತು. ಆಮೇಲೆ ಒಂದು ಗೇಣು. ಆಮೇಲೆ ಅವರ ಬೆರಳಿನ ಬಿಸಿ ಅವಳ ಬೆರಳಿಗೆ ತಿಳಿಯುವಷ್ಟು.

ಇಬ್ಬರೂ ಕೈ ನಿಲ್ಲಿಸಿದರು.

"ಕೊನೇ ಹೊಲಿಗೆ ನೀವೇ ಹಾಕಿ," ಎಂದರು ಅವರು.

"ನಿಮ್ಮ ದಾರ ಉದ್ದ ಇದೆ."

"ನಿಮ್ಮದು ಗಟ್ಟಿ ಇದೆ."

ಅವಳು ಹಾಕಿದಳು. ಎರಡು ದಾರವನ್ನೂ ಸೇರಿಸಿ ಒಂದೇ ಗಂಟು ಹಾಕಿದಳು. ಆ ಸಂಜೆ ಒಬ್ಬಳೇ ಚಹಾ ಕುಡಿಯುವಾಗಲೂ ತೋರುಬೆರಳಲ್ಲಿ ಆ ಬಿಸಿ ಹಾಗೇ ಇತ್ತು.

ಮರುದಿನ ಬೆಳಿಗ್ಗೆ ತಂಗಿಯ ಫೋನ್ ಬಂತು. "ಬರೋ ಭಾನುವಾರ ವ್ಯಾನ್ ತರ್ತೀನಿ ಅಕ್ಕ. ಎಲ್ಲಾ ಮುಗೀತಲ್ಲ?"

"ಕೌದಿ ಒಂದಿದೆ. ಮೂರು ಅಂಚು."

"ಅಷ್ಟೇ ತಾನೆ. ನೀನು ಮನಸ್ಸು ಮಾಡಿದ್ರೆ ಎಷ್ಟರ ಕೆಲಸ."

ಮನಸ್ಸು ಮಾಡಿದರೆ. ಅವಳು ಫೋನ್ ಇಟ್ಟು ಕೌದಿಯನ್ನು ಬಿಡಿಸಿ ನೋಡಿದಳು. ಅವಳ ಹೊಲಿಗೆಗಳು ಒಂದು ಕಡೆಗೆ ಓರೆಯಾಗಿದ್ದವು, ಅವರವು ಇನ್ನೊಂದು ಕಡೆಗೆ. ಗಾಳಿಗೆ ಎದುರುಬದುರು ಬಾಗಿದ ಪೈರಿನ ಹಾಗೆ. ಅದು ಚೆಂದವಿತ್ತು. ಅದಕ್ಕೇ ಅವಳಿಗೆ ಹೆದರಿಕೆಯಾಯಿತು. ಕತ್ತರಿಯ ತುದಿಯಿಂದ ಅವರ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದಳು.

"ಸೊಟ್ಟ ಬಂದಿತ್ತು," ಎಂದಳು ಅವರು ಬಂದಾಗ, ಮುಖ ನೋಡದೆ. "ನಿಮ್ಮದು ಉಲ್ಟಾ ವಾಲುತ್ತೆ. ಮತ್ತೆ ಹೊಲೀಬೇಕು."

ಪ್ರೆಸ್ಸಿನವರು ಬೇಸರಿಸಲಿಲ್ಲ. ಮತ್ತೆ ಹೊಲಿದರು. ಅವಳು ಮತ್ತೆ ಬಿಚ್ಚಿದಳು. ಎರಡನೆಯ ಅಂಚು, ಮೂರನೆಯ ಅಂಚು, ಎಲ್ಲಕ್ಕೂ ಅದೇ ಗತಿ. ಬಿಚ್ಚಿದಷ್ಟು ಸಲ ಮತ್ತೆ ಕೂರಬೇಕು, ಕೂತಷ್ಟು ಸಲ ಸೂಜಿಗಳು ಎದುರಾಗಬೇಕು. ಇದನ್ನು ಬಾಯಿಬಿಟ್ಟು ಹೇಳುವ ವಯಸ್ಸು ದಾಟಿತೆಂದು ಅವಳು ತಿಳಿದಿದ್ದಳು. ಅವರು ಒಂದೇ ಒಂದು ಸಲ "ಹೋಗಬೇಡಿ" ಅಂದಿದ್ದರೆ ಸಾಕಿತ್ತು. ಅವರೋ, "ನನ್ನಿಂದ ನಿಮಗೆ ತಡ ಆಗ್ತಿದೆ," ಎಂದು ಮುಖ ಸಣ್ಣ ಮಾಡಿಕೊಂಡು ಹೋದರು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಅವಳು ಹಟಕ್ಕೆ ಬಿದ್ದವಳಂತೆ ಒಬ್ಬಳೇ ಮೂರು ಅಂಚು ಮುಗಿಸಿದಳು. ಬಲದಿಂದ ಹೊರಟ ಸೂಜಿ ಎಡದ ತುದಿಯವರೆಗೆ ಒಂಟಿಯಾಗಿ ಹೋಯಿತು; ದಾರಿಯಲ್ಲಿ ಯಾರೂ ಸಿಗಲಿಲ್ಲ. ಎದುರು ಮಹಡಿಯ ಕಿಟಕಿ ಹಾಕಿತ್ತು. ಕೆಣಕಿದ್ದು ಹೆಚ್ಚಾಯಿತು, ನೊಂದುಕೊಂಡರು, ಇನ್ನು ಬರುವುದಿಲ್ಲ ಎಂದುಕೊಂಡಳು.

ಭಾನುವಾರ ಬಂದೇ ಬಂತು. ತಂಗಿಯ ವ್ಯಾನ್ ಬರುವುದಕ್ಕೆ ಇನ್ನೂ ಹೊತ್ತಿತ್ತು. ಬಾಗಿಲು ತಟ್ಟಿದ ಸದ್ದು. ಪ್ರೆಸ್ಸಿನವರು ತೊಳೆದ ಕೈಗಳನ್ನು ತೋರಿಸಿದರು. ಎಡಗೈಯ ಬೆರಳುಗಳಿಗೆಲ್ಲ ಸೂಜಿ ಚುಚ್ಚಿದ ಕೆಂಪು ಚುಕ್ಕೆಗಳು.

"ಒಂದು ಅಂಚು ನನಗೆ ಉಳಿಸಿದ್ದೀರಾ?"

ಉಳಿದಿತ್ತು. ಎಂದಿನಂತೆ ಅವಳು ಬಲದ ತುದಿಯಲ್ಲಿ ಕೂತಳು. ಅವರು ಎಡದ ತುದಿಗೆ ಹೋಗಲಿಲ್ಲ. ಅಂಚಿನ ನಡುಮಧ್ಯೆ ಕೂತು, ಸೂಜಿಯನ್ನು ಬಲಗೈಯಲ್ಲಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಎಡಕ್ಕೆ ಹೊಲಿಯತೊಡಗಿದರು. ಮೆಲ್ಲಗೆ, ಆದರೆ ಸಮವಾಗಿ. ಪ್ರತಿ ಹೊಲಿಗೆಯೂ ಅವಳದರ ಹಾಗೆಯೇ ವಾಲಿತ್ತು.

"ಇದೇನು?"

"ಕಲಿತೆ. ಮನೇಲಿದ್ದ ಹಾಸಿಗೆ ಬಟ್ಟೆಗೆಲ್ಲ ಅಂಚು ಹೊಲಿದೆ. ದಿಂಬಿನ ಚೀಲದ ಬಾಯೀನೂ ಸೇರಿಸಿ ಹೊಲಿದುಬಿಟ್ಟಿದ್ದೀನಿ, ಈಗ ದಿಂಬು ಒಳಕ್ಕೇ ಹೋಗಲ್ಲ." ಅವರು ನಕ್ಕರು, ಆದರೆ ಕಣ್ಣು ನಗಲಿಲ್ಲ. "ನೀವು ತಂಗಿ ಮನೆಗೆ ಹೋಗೋ ಆಸೇಲಿದ್ದೀರಿ. ನನ್ನ ಸೊಟ್ಟ ಕೈ ನಿಮ್ಮನ್ನ ಹಿಡಿದಿಡಬಾರದು. ಈಗ ಸರಿಯಾಯ್ತಾ, ನೋಡಿ ಹೇಳಿ."

ಅವಳು ನೋಡಿದಳು. ಬಿಚ್ಚುವುದಕ್ಕೆ ಒಂದು ಹೊಲಿಗೆಯಲ್ಲೂ ತಪ್ಪಿರಲಿಲ್ಲ. ಅವಳ ಸೂಜಿ ಎಡಕ್ಕೆ ಹೊರಟಿತ್ತು, ಅವರದೂ ಎಡಕ್ಕೇ. ಅವಳು ಎಷ್ಟು ಬೇಗ ನಡೆದರೂ ಅವರು ಅಷ್ಟೇ ಮುಂದೆ ಹೋಗುತ್ತಿದ್ದರು, ಬೆನ್ನು ಮಾಡಿಕೊಂಡು ಹೋಗುವವರ ಹಾಗೆ.

"ಸೂಜಿ ಎಡಗೈಗೆ ತಗೊಳ್ಳಿ," ಎಂದಳು.

"ಮತ್ತೆ ಸೊಟ್ಟ ಬರುತ್ತೆ."

"ಯಾವತ್ತೂ ಸೊಟ್ಟ ಬಂದಿರಲಿಲ್ಲ."

ಪ್ರೆಸ್ಸಿನವರ ಕೈ ನಿಂತಿತು. "ಮತ್ತೆ ಬಿಚ್ಚಿದ್ದು?"

"ಬಿಚ್ಚಿದ್ರೆ ನಾಳೆ ಬರ್ತೀರಲ್ಲ, ಅದಕ್ಕೆ." ಅವಳ ದನಿ ಕೌದಿಯ ಮಡಿಕೆಯೊಳಗಿಂದ ಬಂದಂತಿತ್ತು. "ನೀವು ಬಲಗೈಲಿ ಹೊಲಿದ್ರೆ ನಾವು ಎದುರಾಗೋದೇ ಇಲ್ಲ."

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸುತ್ತ ಹೋದರು. ಪ್ರೆಸ್ಸಿನವರು ಜಾರಿದ ಕನ್ನಡಕ ಮೇಲೇರಿಸಿ ಅವಳನ್ನೇ ನೋಡಿದರು. ಅಕ್ಷರ ತಿರುಗಾಮುರುಗಾ ಇದ್ದರೂ ತಡವರಿಸದೆ ಓದುತ್ತಿದ್ದ ಕಣ್ಣು ಈ ಮುಖವನ್ನು ಇಷ್ಟು ದಿನ ತಪ್ಪಾಗಿ ಓದಿತ್ತು.

"ನಾನು ಎರಡು ದಿನ ಸೂಜಿ ಚುಚ್ಚಿಸಿಕೊಂಡೆ," ಎಂದರು ಕೊನೆಗೆ, "ನಿಮ್ಮನ್ನ ಕಳಿಸಿಕೊಡೋಕೆ. ಎಂಥಾ ದಡ್ಡ."

"ದಡ್ಡತನದಲ್ಲಿ ಪಾಲು ನನಗೂ ಇದೆ."

"ಹೋಗಬೇಡಿ," ಎಂದರು. ಅಷ್ಟು ಮೆಲ್ಲಗೆ ಅಂದರು, ಕೇಳಿದ್ದು ಕಿವಿಗೋ ಮನಸ್ಸಿಗೋ ಅವಳಿಗೆ ತಿಳಿಯಲಿಲ್ಲ. ಆಮೇಲೆ ತಾವು ಹಾಕಿದ ಬಲಗೈ ಹೊಲಿಗೆಯನ್ನೆಲ್ಲ ತಾವೇ ಬಿಚ್ಚಿ, ಎಡದ ತುದಿಗೆ ಸರಿದು ಕೂತು, ಎಡಗೈಯಲ್ಲಿ ಹೊರಟರು, ಅವಳ ಕಡೆಗೆ.

ತಂಗಿ ಬಂದಾಗ ಬಾಗಿಲು ತೆರೆದೇ ಇತ್ತು. ಒಂದೇ ಕೌದಿಯ ಕೆಳಗೆ ನಾಲ್ಕು ಮೊಣಕಾಲು, ಅಂಚಿನ ನಡುವೆ ಕೊನೆಯ ಗಂಟು ಹಾಕಿ ಮುಗಿಸಿಯೂ ತಾಗಿಕೊಂಡೇ ಇದ್ದ ಎರಡು ಕೈ.

"ಅಕ್ಕ, ಮೂಟೆ ಎಲ್ಲಿ?"

"ಕಟ್ಟಿಲ್ಲ ಕಣೆ. ನಾನು ಬರ್ತಿಲ್ಲ."

ತಂಗಿ ಅಕ್ಕನನ್ನು ನೋಡಿದಳು, ಪ್ರೆಸ್ಸಿನವರನ್ನು ನೋಡಿದಳು, ಸೊಂಟಕ್ಕೆ ಕೈಯಿಟ್ಟಳು. "ಫೋನ್ ಮಾಡಿದಾಗೆಲ್ಲ ಗುಂಡಿ ಹಚ್ಚೋಕೆ ಬರ್ತಾರೆ, ಗುಂಡಿ ಹಚ್ಚೋಕೆ ಬರ್ತಾರೆ ಅಂತಿದ್ದೆಯಲ್ಲ, ಇವರೇನಾ?"

"ಹೂಂ."

"ಗುಂಡಿ ಹಚ್ಚಿ ಅಂದ್ರೆ ಎದೆಯ ಗುಂಡಿಗೇನೇ ಹಚ್ಚಿಬಿಟ್ರಲ್ಲ ಇವರು."

ಪ್ರೆಸ್ಸಿನವರ ಕಿವಿ ಕೆಂಪಾಯಿತು. ಅಕ್ಕ ನಕ್ಕಳು. ಅಕ್ಕ ಹಾಗೆ ನಕ್ಕದ್ದನ್ನು ತಂಗಿ ನೋಡಿ ಎಷ್ಟು ಕಾಲವಾಗಿತ್ತೋ. ಅವಳ ಕೈ ಸೊಂಟದಿಂದ ತಾನೇ ಇಳಿಯಿತು. "ಸರಿ, ನನ್ನ ವ್ಯಾನ್ ಖಾಲಿ ಹೋಗಬಾರದು. ಆ ಕೌದಿ ಕೊಡು. ನಿನಗೆ ಅಂತ ಇಟ್ಟ ಮಂಚಕ್ಕೆ ಅದನ್ನಾದರೂ ಹಾಸ್ತೀನಿ. ಬಾವನೋರೇ, ಒಂದು ಕಡೆ ಹಿಡ್ಕೊಳ್ಳಿ, ಮಡಿಸೋಣ."

ಬಾವನೋರು ಎಂಬ ಮಾತು ಕಿವಿಗೆ ಬಿದ್ದದ್ದೇ ಅವರು ಹಿಡಿದಿದ್ದ ತುದಿಯನ್ನು ಕೈಬಿಟ್ಟರು.

ವ್ಯಾನ್ ಹೋಯಿತು. ದೀಪ ಹಚ್ಚುವ ಹೊತ್ತಾಗಿತ್ತು. ಬೀರು ಬಾಯಿ ತೆರೆದು ನಿಂತಿತ್ತು, ಒಳಗೆ ಹೊಲಿಯಲು ಒಂದು ನೂಲೂ ಉಳಿದಿರಲಿಲ್ಲ. ಪ್ರೆಸ್ಸಿನವರು ಬಾಗಿಲ ಬಳಿ ಚಪ್ಪಲಿ ಹುಡುಕುತ್ತ, ಸಿಕ್ಕ ಚಪ್ಪಲಿಯನ್ನೇ ಮತ್ತೆ ಹುಡುಕುತ್ತ ನಿಂತರು.

"ಟೀಚರೇ, ನಾಳೆ ಏನಂತ ಹೇಳಿ ಬರ್ಲಿ?"

ಅವಳು ಬಾಗಿಲವರೆಗೆ ಬಂದು, ಬಗ್ಗಿ, ಅವರ ಚಪ್ಪಲಿಯನ್ನು ಎತ್ತಿ ತನ್ನ ಚಪ್ಪಲಿಯ ಪಕ್ಕದಲ್ಲಿಟ್ಟಳು.

"ಹೋದ್ರೆ ತಾನೆ ಬರೋದು."