ಇನ್ನೂರ ಹನ್ನೆರಡನೇ ಪುಟ

"ಇದು ದೂರಲ್ಲ, ಅಳು," ಎನ್ನುತ್ತಾ ತನಿಖಾಧಿಕಾರಿ ಕಾಗದವನ್ನು ಅವಳ ಕಡೆಗೇ ತಳ್ಳಿದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸ್ಪರ್ಧಾ ಆಯೋಗದ ಮೂರನೇ ಮಹಡಿಗೆ ಅವಳು ಹತ್ತಿ ಬಂದದ್ದು ಇದು ಮೂರನೇ ಸಲ. ಮೊದಲ ಸಲ ಸಹಿ ತಪ್ಪಿತ್ತು, ಎರಡನೇ ಸಲ ಪ್ರತಿ ಕಡಿಮೆಯಿತ್ತು. ಈಗ ಇದು!

"ಅಳಿಸಿದವರ ಮೇಲೆ ದೂರು ಕೊಡೋಕೆ ನಗ್ತಾ ಬರಬೇಕಾ ಸಾರ್?"

ಅವನು ತಲೆಯೆತ್ತಿದ. ನಿದ್ದೆಗೆಟ್ಟ ಕಣ್ಣು, ತೋಳಿನ ಮೇಲೆ ಇಂಕಿನ ಕಲೆ.

"ಬೇಡ. ಆದ್ರೆ ಅಳುವನ್ನ ತನಿಖೆ ಮಾಡೋಕೆ ನನಗೆ ಕಾನೂನಿಲ್ಲ. ಒಪ್ಪಂದ ತಂದಿದ್ದೀರಾ? ಕೂತ್ಕೊಂಡು ಮೊದಲಿಂದ ಹೇಳಿ."

ಹೇಳಿದಳು. ಅವಳದು ಎರಡು ಕೋಣೆಯ ಪುಟ್ಟ ಪ್ರಕಾಶನ. ಮೂವತ್ತೊಂದು ಡಿಜಿಟಲ್ ಪುಸ್ತಕಗಳು. ಎಲ್ಲವೂ ಇದ್ದದ್ದು ಒಂದೇ ದೊಡ್ಡ ಆ್ಯಪ್‌ನಲ್ಲಿ, ಏಕೆಂದರೆ ಓದುಗರೆಲ್ಲ ಇದ್ದದ್ದೂ ಅಲ್ಲೇ. ಅಮ್ಮ ಬರೆದ ಪುಸ್ತಕವನ್ನು ಅವಳು ಒಂದು ಆಸ್ಪತ್ರೆಯ ಓದುವ ಕೋಣೆಗೆ ಉಚಿತವಾಗಿ ಕೊಟ್ಟಳು. ವಾರದೊಳಗೆ ಮೂವತ್ತೊಂದೂ ಮಾಯ!

ಅವನು ಒಪ್ಪಂದದ ಹದಿನಾಲ್ಕನೇ ಷರತ್ತನ್ನು ಬೆರಳಿಟ್ಟು ಓದಿದ. "'ಇಲ್ಲಿಗಿಂತ ಕಡಿಮೆ ಬೆಲೆಗೆ ಬೇರೆಲ್ಲೂ ಕೊಡುವಂತಿಲ್ಲ.' ಹ್ಞೂಂ..."

"ಹಕ್ಕುಸ್ವಾಮ್ಯ ಅಮ್ಮಂದೇ ತಾನೇ? ನಮ್ಮ ಪುಸ್ತಕ ನಾವು ಯಾರಿಗಾದ್ರೂ ಕೊಡಬಾರದಾ?"

"ಪುಸ್ತಕ ನಿಮ್ದೇ, ಬಾಗಿಲು ಅವರದು. ಇರೋದೇ ಒಂದು ಬಾಗಿಲು ಅಂದಾಗ ಕಾವಲುಗಾರನೇ ಯಜಮಾನ ಆಗಿಬಿಡ್ತಾನೆ. ಅದನ್ನ ಬರೀರಿ. ಅದು ದೂರು." ಮತ್ತೆ ತಡೆದು ಕೇಳಿದ, "ನಿಮಗೆ ಮುಖ್ಯವಾಗಿ ಏನು ವಾಪಸ್ ಬೇಕು?"

"ಒಂದು ಮಾತು," ಎಂದಳು.

ಅವಳ ಅಮ್ಮ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ಆ ದಿನಗಳನ್ನೇ 'ಆರನೇ ಹಾಸಿಗೆ' ಎಂಬ ಪುಸ್ತಕವಾಗಿ ಬರೆದಿದ್ದರು. ಆ ಹಾಸಿಗೆಯಲ್ಲಿದ್ದ ಹುಡುಗಿಯನ್ನು ಒಂದು ಬೆಳಿಗ್ಗೆ ಬೇರೆ ಆಸ್ಪತ್ರೆಗೆ ಒಯ್ದಿದ್ದರು. ಬದುಕಿದಳೋ ಇಲ್ಲವೋ, ಮೂವತ್ತು ವರ್ಷವಾದರೂ ಅಮ್ಮನಿಗೆ ಗೊತ್ತಿಲ್ಲ. ಆ್ಯಪ್‌ನಲ್ಲಿ ಪುಸ್ತಕದ ಕೆಳಗೆ ಓದುಗರು ಬರೆಯುತ್ತಿದ್ದ ಮಾತುಗಳನ್ನು ಅಮ್ಮ ದಿನಾ ಓದುತ್ತಿದ್ದರು, ಹೆಬ್ಬೆರಳಿನಷ್ಟು ದೊಡ್ಡ ಅಕ್ಷರ ಮಾಡಿಕೊಂಡು.

ಪುಸ್ತಕ ಮಾಯವಾದ ದಿನ ಒಂದು ಹೊಸ ಮಾತು ಬಂದಿತ್ತು. "ಸಿಸ್ಟರ್, ನಾನು ಆರನೇ ಹಾಸಿಗೆಯ..." ಎಂಬಷ್ಟು ಓದಿ ಅಮ್ಮ ಫೋನು ಕೆಳಗಿಟ್ಟರು. ಕನ್ನಡಕ ತರಲು ಒಳಗೆ ಹೋದರು. ಬರುವಷ್ಟರಲ್ಲಿ ಪರದೆ ಖಾಲಿ.

"ಆ್ಯಪ್‌ನೋರು, 'ಓದುಗರ ಮಾತು ಕಂಪನಿಯ ಆಸ್ತಿ' ಅಂತ ಉತ್ತರ ಕೊಟ್ರು ಸಾರ್. ಅಮ್ಮನ ದೃಷ್ಟಿ ದಿನೇ ದಿನೇ ಹೋಗ್ತಿದೆ. ಇನ್ನು ಹೆಚ್ಚು ಅಂದ್ರೆ ಒಂದು ವರ್ಷ ಅಂದಿದ್ದಾರೆ ಡಾಕ್ಟರು. ಅದನ್ನ ಅವರೇ ಕಣ್ಣಾರೆ ಓದ್ಬೇಕು..."

ಅವನು ಬರೆಯುತ್ತಿದ್ದ ಪೆನ್ನು ನಿಂತಿತು. ಆಮೇಲೆ ನಿಧಾನವಾಗಿ ಬರೆದುಕೊಂಡ: ಓದುಗರ ಮಾತುಗಳ ಸಮೇತ.

*

ಮುಂದಿನ ಐದು ತಿಂಗಳು ಅವಳು ಎಷ್ಟು ಸಲ ಆ ಮೆಟ್ಟಿಲು ಹತ್ತಿದಳೋ! ಹೇಳಿಕೆ, ಪ್ರಶ್ನಾವಳಿ, ಮತ್ತೆ ಹೇಳಿಕೆ. ಅವನು ನಗುವುದು ಅಪರೂಪ, ಆದರೆ ಕೇಳುವಾಗ ಪೂರ್ತಿಯಾಗಿ ಕೇಳುತ್ತಿದ್ದ. ಸಾಕ್ಷ್ಯಕ್ಕೆಂದು ಕೊಟ್ಟ ಅಮ್ಮನ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೂ ಓದಿದ್ದ.

"ಆ ಹುಡುಗಿಗೆ ನಿಮ್ಮಮ್ಮ ದಿನಾ ಎರಡು ಜಡೆ ಹಾಕ್ತಿದ್ರಲ್ಲ," ಎಂದಿದ್ದ ಒಂದು ದಿನ. "ಅದನ್ನ ಓದಿದ ಮೇಲೆ ಬೇರೆ ಕಡತ ತೆಗೆಯೋಕೆ ಆಗ್ಲಿಲ್ಲ."

ಅವತ್ತು ಮೆಟ್ಟಿಲಿಳಿಯುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ. 'ಇದೇನಾಯ್ತು ನನಗೆ? ನ್ಯಾಯ ಕೇಳೋಕೆ ಬಂದವಳು ಮನಸ್ಸನ್ನೇ ಬಿಟ್ಟು ಹೋಗ್ತಿದ್ದೀನಲ್ಲ...'

ತನಿಖೆ ಮುಗಿಯಲು ಇನ್ನು ಎರಡೇ ವಾರ ಎನ್ನುವಾಗ ಅವನ ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು.

"ಅವರು ಈ ಕಡತ ಬಿಟ್ಟಿದ್ದಾರೆ," ಎಂದರು ಹೊಸ ಅಧಿಕಾರಿ. "ನಾನು ಮೊದಲಿಂದ ಓದ್ಬೇಕು. ನಾಲ್ಕು ತಿಂಗಳಾದ್ರೂ ಆಗುತ್ತೆ."

ನಾಲ್ಕು ತಿಂಗಳು! ಅಮ್ಮ ಆಗಲೇ ಬಾಗಿಲಿನ ಚೌಕಟ್ಟನ್ನು ತಡವಿಕೊಂಡು ಓಡಾಡುತ್ತಿದ್ದರು.

ಅವಳು ಫೋನ್ ಮಾಡಿದಳು. ಎತ್ತಲಿಲ್ಲ. ಪತ್ರ ಬರೆದಳು. ಉತ್ತರವಿಲ್ಲ. ಕೊನೆಗೆ ಮೊಗಸಾಲೆಯಲ್ಲಿ ಎದುರಾದಾಗ ಅಡ್ಡ ನಿಂತೇ ಬಿಟ್ಟಳು.

"ಯಾಕೆ ಬಿಟ್ಟು ಹೋದ್ರಿ?"

ಅವನು ಗೋಡೆ ನೋಡಿದ. "ನಾನು ನಿಮ್ಮ ಹತ್ರ ಮಾತಾಡೋ ಹಾಗಿಲ್ಲ."

"ಅಮ್ಮನ ಕಣ್ಣಿನ ವಿಷಯ ಗೊತ್ತಿದ್ದೂ? ಆ ಕಡೆಯವರಿಗೆ ಮಾರಿಕೊಂಡ್ರಾ?"

ಅವನ ಮುಖ ಬಿಳುಚಿತು. ಪಕ್ಕಕ್ಕೆ ಸರಿದು ನಡೆದುಬಿಟ್ಟ. ನಂಬಿಸಿ ಕತ್ತು ಕೊಯ್ಯುವುದು ಎಂದರೆ ಇದೇ ಎಂದುಕೊಂಡಳು ಅವಳು. ಮನೆಗೆ ಹೋಗಿ ಅಮ್ಮನಿಗೆ ಕೇಳಿಸದಂತೆ ಅತ್ತಳು.

*

ಅಂತಿಮ ವಾದಕ್ಕೆ ಮುಂಚೆ ಎರಡೂ ಪಕ್ಷದವರು ಕಡತವನ್ನು ಪೂರ್ತಿ ನೋಡಬಹುದು ಎಂಬುದು ಆಯೋಗದ ನಿಯಮ. ನೆಲಮಹಡಿಯ ದಾಖಲೆ ಕೋಣೆಯ ಅಕ್ಕ ದಪ್ಪ ಕಡತವನ್ನು ಮೇಜಿನ ಮೇಲಿಟ್ಟು, "ಒಳಗಿನ ಟಿಪ್ಪಣಿಗಳನ್ನ ನಕಲು ಮಾಡೋ ಹಾಗಿಲ್ಲ, ಓದಬಹುದು ಅಷ್ಟೇ," ಎಂದು ಎದುರಿಗೇ ಕೂತಳು. ಯಾಕೋ ಅವಳನ್ನೇ ನೋಡುತ್ತಿದ್ದಳು.

ಇನ್ನೂರ ಹನ್ನೆರಡನೇ ಪುಟ. ಅವನದೇ ಅಕ್ಷರ.

'ದೂರುದಾರರ ವಿಷಯದಲ್ಲಿ ನನ್ನ ಮನಸ್ಸು ತಟಸ್ಥವಾಗಿ ಉಳಿದಿಲ್ಲ. ಸ್ಪಷ್ಟವಾಗಿ ಹೇಳುವುದಾದರೆ, ನಾನು ಅವರನ್ನು ಪ್ರೀತಿಸುತ್ತೇನೆ. ಇದು ಅವರಿಗೆ ತಿಳಿದಿಲ್ಲ. ಅವರ ನಡತೆಯಲ್ಲಿ ಯಾವ ದೋಷವೂ ಇಲ್ಲ. ನಾನು ಮುಂದುವರಿದರೆ ಅವರಿಗೆ ಸಿಗುವ ನ್ಯಾಯವನ್ನು ನನ್ನ ಪಕ್ಷಪಾತವನ್ನೇ ನೆಪ ಮಾಡಿಕೊಂಡು ಎದುರು ಪಕ್ಷ ಉರುಳಿಸಬಹುದು. ತಡವಾಗುವುದರಿಂದ ಆಗುವ ನಷ್ಟ ನನಗೆ ಗೊತ್ತು. ಆದರೂ ನನ್ನನ್ನು ಈ ಕಡತದಿಂದ ಬಿಡುಗಡೆ ಮಾಡಬೇಕಾಗಿ ಕೋರುತ್ತೇನೆ.'

ಅಕ್ಷರಗಳು ಮಂಜಾದವು. ಮತ್ತೆ ಓದಿದಳು. ಮತ್ತೆ...

"ಇದನ್ನ ಆ ಕಡೆ ವಕೀಲರೂ ಓದಿದ್ರಾ?"

"ಓದದೇ ಇರ್ತಾರಾ? ಕನ್ನಡಕ ಒರೆಸ್ಕೊಂಡು ಎರಡು ಸಲ ಓದಿದ್ರು," ಎಂದಳು ಅಕ್ಕ. "ಊರಿಗೆಲ್ಲ ಗೊತ್ತು, ಮದುಮಗಳಿಗೆ ಮಾತ್ರ ಗೊತ್ತಿಲ್ಲ ಅನ್ನೋ ಹಾಗಾಯ್ತು ನಿನ್ನ ಕಥೆ."

ಅವಳು ದಡಕ್ಕನೆ ಎದ್ದಳು.

"ಎಲ್ಲಿಗೆ? ಮೂರನೇ ಮಹಡಿಗಾ? ಕೂತ್ಕೋ ತಾಯಿ! ಈಗ ನೀನು ಓಡಿ ಹೋದ್ರೆ ಅವರು ಮಾಡಿದ್ದೆಲ್ಲ ನೀರಲ್ಲಿ ಹೋಮ."

ಅವಳು ಕೂತಳು. ಮೊಗಸಾಲೆಯಲ್ಲಿ ತಾನಂದ ಮಾತು ನೆನಪಾಗಿ ಎದೆಗೆ ಚೂರಿ ಹಾಕಿದಂತಾಯಿತು. ನಕಲು ಮಾಡುವಂತಿರಲಿಲ್ಲವಲ್ಲ, ಆ ಪುಟವನ್ನು ಬಾಯಿಪಾಠ ಮಾಡಿಕೊಂಡು ಮನೆಗೆ ಹೋದಳು.

*

ತೀರ್ಪು ಅವಳ ಪರವಾಗಿ ಬಂತು. ಹದಿನಾಲ್ಕನೇ ಷರತ್ತು ರದ್ದು. ಮೂವತ್ತೊಂದು ಪುಸ್ತಕಗಳೂ ಓದುಗರ ಮಾತುಗಳ ಸಮೇತ ಮರಳಬೇಕು. ಆದರೆ ಮೇಲ್ಮನವಿಗೆ ಅರವತ್ತು ದಿನ ಕಾಲಾವಕಾಶ, ಅಲ್ಲಿಯವರೆಗೆ ಏನೂ ಜಾರಿಯಾಗುವುದಿಲ್ಲ. ಹೊರಗೆ ಬರುವಾಗ ಮೆಟ್ಟಿಲ ಮೇಲೆ ಅವನು ನಿಂತಿದ್ದ. ಅವಳು ತಲೆ ತಗ್ಗಿಸಿ ದಾಟಿ ಹೋದಳು. ತಿರುಗಿ ನೋಡದಿರಲು ಎಷ್ಟು ಗಟ್ಟಿಮನಸ್ಸು ಬೇಕಾಯಿತೋ ಅವಳಿಗೇ ಗೊತ್ತು.

ನಲವತ್ತಾರನೇ ದಿನ ಬೆಳಿಗ್ಗೆ ಅಮ್ಮ, "ಪುಟ್ಟಿ, ಲೈಟ್ ಹಾಕು," ಎಂದರು. ಕಿಟಕಿಯ ತುಂಬ ಬಿಸಿಲಿತ್ತು.

ಅರವತ್ತೊಂದನೇ ದಿನ ಹತ್ತು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಅವನು ಬರಿಗೈಯಲ್ಲಿ ನಿಂತಿದ್ದ.

"ಮೇಲ್ಮನವಿ ಹಾಕಿಲ್ಲ. ನಿನ್ನೆಗೆ ಕಾಲ ಮುಗೀತು. ಈಗ ಮಾತಾಡಬಹುದು..."

"ಅಮ್ಮನ ಕಣ್ಣು ಹೋಯ್ತು," ಎಂದಳು. "ಎರಡು ವಾರ ಆಯ್ತು."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ನಾನು ಬಿಡದೇ ಇದ್ದಿದ್ರೆ..."

"ಓದ್ತಿದ್ರು. ನನಗೆ ಕೋಪ ಇಲ್ಲ ಅಂದ್ರೆ ಸುಳ್ಳಾಗುತ್ತೆ."

"ಬಾಗಿಲಲ್ಲೇ ಯಾಕೆ ನಿಲ್ಲಿಸಿದ್ದೀಯಾ ಪುಟ್ಟಿ?" ಒಳಗಿನಿಂದ ಅಮ್ಮನ ದನಿ. "ಆಯೋಗದವರಾ? ಬಾಪ್ಪ ಒಳಗೆ."

ಅಮ್ಮನ ಮಡಿಲಲ್ಲಿ ಫೋನು ಇತ್ತು. ಪುಸ್ತಕ ಬೆಳಿಗ್ಗೆಯೇ ಮರಳಿತ್ತು. ಮಗಳು ಆ ಪುಟವನ್ನು ತೆರೆದುಕೊಟ್ಟಿದ್ದಳು, ಓದುವ ಧೈರ್ಯವಾಗಿರಲಿಲ್ಲ.

"ಇವಳಿಗೆ ಓದು ಅಂದ್ರೆ ಮೂರು ಸಲವೂ ಫೋನ್ ವಾಪಸ್ ನನ್ನ ಮಡಿಲಿಗೇ ಇಟ್ಲು. ನೀನು ಓದು. ಏನಿದ್ರೂ ಸರಿ, ಇದ್ದದ್ದು ಇದ್ದ ಹಾಗೆ."

ಅವನು ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತು ಓದಿದ.

"'ಸಿಸ್ಟರ್, ನಾನು ಆರನೇ ಹಾಸಿಗೆಯ ಹುಡುಗಿ. ಬದುಕಿದ್ದೀನಿ. ನನಗೀಗ ಒಬ್ಬಳು ಮಗಳಿದ್ದಾಳೆ. ಅವಳಿಗೆ ದಿನಾ ಎರಡು ಜಡೆ ಹಾಕ್ತೀನಿ, ನೀವು ಹಾಕ್ತಿದ್ದ ಹಾಗೆ.'"

ಅಮ್ಮನ ಬೆರಳುಗಳು ಮಡಿಲಲ್ಲೇ ಜಡೆ ಹೆಣೆಯುವಂತೆ ಆಡಿದವು.

"ಇನ್ನೊಂದ್ಸಲ ಓದು," ಎಂದರು.

ಅವನು ಓದಿದ. ಏಳು ಸಲ ಓದಿಸಿದರು. ಏಳನೇ ಸಲಕ್ಕೆ ಅವನ ದನಿ ಒಡೆಯಿತು. ಅಮ್ಮ ಅವನ ತಲೆ ತಡವಿ, "ಪುಟ್ಟಿ, ಇವನಿಗೆ ಕಾಫಿ ಕೊಡೇ," ಎಂದರು.

ಅಡುಗೆಮನೆಯ ಬಾಗಿಲಿಗೆ ಅವನು ಬಂದು ನಿಂತಾಗ ಅವಳು ಬೆನ್ನು ಹಾಕಿಯೇ ಇದ್ದಳು.

"ಮೊಗಸಾಲೇಲಿ ನಾನಂದ ಮಾತು... ಕ್ಷಮಿಸ್ತೀರಾ?"

"ಅದು ಕಡತಕ್ಕೆ ಸೇರಿಲ್ಲ," ಎಂದ ಅವನು.

ಅವಳು ತಿರುಗಿದಳು. ಕಣ್ಣು ತುಂಬಿತ್ತು. "'ಸ್ಪಷ್ಟವಾಗಿ ಹೇಳುವುದಾದರೆ...' ಇನ್ನೂರ ಹನ್ನೆರಡನೇ ಪುಟ. ಪೂರ್ತಿ ಬಾಯಿಪಾಠ."

ಅವನು ತಬ್ಬಿಬ್ಬಾದ. "ಅದು... ನಿಮಗೆ ಅಂತ ಬರೆದದ್ದಲ್ಲ."

"ಗೊತ್ತು," ಎಂದಳು ಅವಳು, ಲೋಟವನ್ನು ಅವನ ಕೈಗಿಡುತ್ತಾ. "ಅದಕ್ಕೇ ನಂಬಿದೆ."