ಡ್ರಾಯರಿನಲ್ಲಿ ಮಲಗಿದ್ದ ಬ್ಯಾಡ್ಜುಗಳು

೧೯೬೭ರ ಮಾರ್ಚ್ ೧೪, ಬೆಳಿಗ್ಗೆ ೯.೧೦. ಪೋಲೆಂಡಿನ ವೂಚ್ ನಗರದ ಠಾಣೆಗೆ ಎಕ್ಸ್‌ರೇ ವಿಭಾಗದ ಮುಖ್ಯಸ್ಥ ಡಾಕ್ಟರ್ ಜರೆಂಬಾ ದೂರು ಹೊತ್ತು ಬಂದ. ಕಿರಣ ತಗುಲಿದರೆ ಕಪ್ಪಾಗುವ ತನ್ನ ಎದೆಯ ಫಿಲ್ಮ್ ಬ್ಯಾಡ್ಜನ್ನು ಯಾರೋ ಬೇಕೆಂದೇ ಕಪ್ಪಾಗಿಸಿದ್ದಾರೆ; ಅದನ್ನು ನಂಬಿದ ತಪಾಸಣೆಯವರು ಎಕ್ಸ್‌ರೇ ಕೊಠಡಿ ಮುಚ್ಚಿಸಿದ್ದಾರೆ. ಮೋಸವೆಂದು ಸಾಬೀತಾದರೆ ಕೊಠಡಿ ಅಂದೇ ತೆರೆಯುತ್ತದೆ. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಕುಬಿಯಾಕ್ ಮೊದಲು ಫಿಲ್ಮ್ ನೋಡಿದ. ಬ್ಯಾಡ್ಜಿನೊಳಗಿನ ಲೋಹದ ತುಣುಕಿನ ನೆರಳು ಗೆರೆ ಕೊರೆದಷ್ಟು ಸ್ಪಷ್ಟವಾಗಿತ್ತು. ಓಡಾಡುವವರ ಎದೆಯ ಮೇಲಿದ್ದರೆ ನೆರಳು ಮಸುಕಾಗುತ್ತದೆ. ಇದು ಯಂತ್ರದ ಕೆಳಗೆ ಅಲ್ಲಾಡದೆ ಕೂತಿದ್ದ ಬ್ಯಾಡ್ಜು.

ಆಸ್ಪತ್ರೆಯಲ್ಲಿ ಕಾನ್‌ಸ್ಟೆಬಲ್ ಗೊಂಡೆಕ್ ಒಂದು ವಿಷಯ ಗಮನಿಸಿದ: ಯಾರ ಎದೆಯ ಮೇಲೂ ಬ್ಯಾಡ್ಜಿಲ್ಲ. ಕೆಲಸಕ್ಕೆ ಬಂದವರು ಅದನ್ನು ಬಿಚ್ಚಿ ಡ್ರಾಯರಿಗೆ ಹಾಕಿ, ಧರಿಸಿದ್ದೇವೆಂದು ಪುಸ್ತಕದಲ್ಲಿ ಸಹಿ ಮಾಡಬೇಕಂತೆ. ಮೂರು ವರ್ಷದಿಂದ ಇದೇ ಪದ್ಧತಿ, ಡಾಕ್ಟರದೇ ಅಪ್ಪಣೆ.

"ಬ್ಯಾಡ್ಜು ಕಪ್ಪಾದ್ರೆ ಆ ಕೆಲಸದವರನ್ನ ಮೂರು ತಿಂಗಳು ಬೇರೆ ಕಡೆ ಹಾಕ್ಬೇಕು, ಸಾಹೇಬ್ರೆ. ಹೊರಗೆ ರೋಗಿಗಳ ಸಾಲು ನೋಡಿದ್ರಾ?" ಎಂದ ಜರೆಂಬಾ.

ಕುಬಿಯಾಕನ ಮೈಯೆಲ್ಲ ಉರಿಯಿತು. ಗೋಡೆಯ ಮೇಲೆ ವಿಭಾಗ ಕಟ್ಟಿದ ಹಳೆಯ ಡಾಕ್ಟರ ಫೋಟೋ ಇತ್ತು. ಯಂತ್ರ ಸರಿಯಿದೆಯೇ ಎಂದು ದಿನಾ ತನ್ನ ಕೈಯನ್ನೇ ಕಿರಣಕ್ಕೊಡ್ಡಿ ನೋಡಿ ಬೆರಳು ಕಳೆದುಕೊಂಡವನು. ಪಾಪ, ಅವನಿಗೆ ಗೊತ್ತಿರಲಿಲ್ಲ. ಈ ಮಹಾನುಭಾವನಿಗೆ ಎಲ್ಲ ಗೊತ್ತಿತ್ತು.

ಡ್ರಾಯರಿನ ಕೀಲಿ ಇದ್ದದ್ದು ಹಿರಿಯ ತಂತ್ರಜ್ಞೆ ಲುದ್ವಿಕಾ ಬಳಿ.

"ಯಂತ್ರದ ಕೆಳಗಿಟ್ಟಿದ್ದು ನೀವೇನಾ, ಅಮ್ಮಾ?" ಕುಬಿಯಾಕ್ ಕೇಳಿದ.

"ನಾನೇ."

"ಯಾಕೆ?"

"ಇಲ್ಲೇ ಕೆಲಸ ಮಾಡ್ತಿದ್ದ ನಮ್ಮ ಬೊಜೆನಾ ಹೋದ ವರ್ಷ ರಕ್ತದ ಕ್ಯಾನ್ಸರಲ್ಲಿ ಸತ್ಳು. ತಪಾಸಣೆಯವರಿಗೆ ನಾಲ್ಕು ಅರ್ಜಿ ಬರೆದೆ. ಅವಳ ಬ್ಯಾಡ್ಜಲ್ಲಿ ಏನೂ ಇಲ್ಲ ಅಂತ ನಾಲ್ಕಕ್ಕೂ ಉತ್ತರ ಬಂತು. ಅವಳ ಜಾಗಕ್ಕೆ ಬಂದಿರೋ ಹಾಂಕಾ ಈಗ ಬಸುರಿ. ನಮ್ಮ ಬ್ಯಾಡ್ಜು ಕಪ್ಪಾದ್ರೆ ಯಾರು ಕೇಳ್ತಾರೆ? ಅದಕ್ಕೇ ಡಾಕ್ಟರದ್ದು ಇಟ್ಟೆ."

ಜರೆಂಬಾ ಕೈ ಉಜ್ಜಿಕೊಂಡ. "ಒಪ್ಕೊಂಡ್ಳಲ್ಲ. ಇನ್ನು ಬಾಗಿಲು ತೆಗೆಸ್ಬಹುದು."

"ಇವರದು ಒಂದು ಸುಳ್ಳು ದಾಖಲೆ, ಡಾಕ್ಟ್ರೇ. ನಿಮ್ಮದು ಮೂರು ವರ್ಷದ್ದು. ಗೊಂಡೆಕ್, ಇನ್ನೊಂದು ಎಫ್‌ಐಆರ್ ಬರಿ."

ಮಧ್ಯಾಹ್ನ ೩.೪೦ಕ್ಕೆ ಪಂಚನಾಮೆ ನಡೆಯಿತು: ಡ್ರಾಯರ್ ಒಂದು, ಬ್ಯಾಡ್ಜು ಆರು, ಸಹಿ ಪುಸ್ತಕ ಮೂರು. ಕೃತ್ಯದ ಸ್ಥಳವೆಂದು ಕೊಠಡಿಗೆ ಪೊಲೀಸ್ ಮೊಹರು ಬಿತ್ತು. ವಿಚಾರಣೆ ಮುಗಿಯುವತನಕ ಅದನ್ನು ಯಾರೂ ಒಡೆಯುವಂತಿಲ್ಲ.

೪.೨೦ಕ್ಕೆ ಲುದ್ವಿಕಾಳ ಬಂಧನವಾಯಿತು. ಹೊರಡುವ ಮುನ್ನ ಆಕೆ ತಿರುಗಿ ಕೊಠಡಿ ಬಾಗಿಲಿನ ಮೊಹರನ್ನೊಮ್ಮೆ ನೋಡಿದಳು. ಬಂಧನ ಪತ್ರದಲ್ಲಿ 'ಅಪರಾಧದ ಕಾರಣ' ಎಂಬಲ್ಲಿ ಕುಬಿಯಾಕ್ ಬರೆದ: ಸತ್ತವಳ ಬ್ಯಾಡ್ಜಿನಲ್ಲಿ ಏನೂ ಇರಲಿಲ್ಲ.